ಕೆರೆ ಏರಬೇಕು, ಇಳಿಯಬೇಕು

ಓದುಗರ ಪತ್ರ: ನಮ್ಮ ಬಡಾವಣೆಯ ತಗ್ಗಿನಲ್ಲಿ ಐವತ್ತು ಸೆಂಟ್ಸಿನಷ್ಟು, ಅಂದರೆ ಅರ್ಧ ಎಕರೆ ಜಾಗದಲ್ಲಿ ಮಳೆನೀರು ಸೇರುವ ಕೆರೆಯಿದೆ. ಅದನ್ನು ಪಾರ್ಕ್ ಮಾಡುತ್ತಾರಂತೆ. ಸುತ್ತ ಕಾಂಕ್ರೀಟ್ ಗೋಡೆ, ಇಂಟರ್‌ಲಾಕ್ ದಾರಿ, ನಡುವೆ ಕಾರಂಜಿ. ಸೊಳ್ಳೆ ಕಾಟ ತಪ್ಪಲಿ, ಮುಚ್ಚಿಯೇ ಬಿಡೋಣ ಎನ್ನುವವರೂ ಇದ್ದಾರೆ. ನೀವು ಏನು ಹೇಳುತ್ತೀರಿ?
– ನಿವೃತ್ತ ಶಿಕ್ಷಕಿ, ಸುರತ್ಕಲ್

ಸಂಪಾದಕರ ಉತ್ತರ: ಟೀಚರೇ, ಇದು ನಿಮ್ಮ ಒಂದು ಬಡಾವಣೆಯ ಸಂಗತಿಯಲ್ಲ. ಅದಕ್ಕೇ ಈ ಸಂಚಿಕೆಗೆ ನಿಮ್ಮ ಪತ್ರವನ್ನೇ ಆರಿಸಿಕೊಂಡೆ.

ಗೋಡೆ ಬೇಕೆನ್ನುವವರಿಗೆ ಮಕ್ಕಳ ಭಯ. ಅದು ನ್ಯಾಯವೇ. ಆಳ ಇರುವ ಕಡೆ ಬೇಲಿ ಹಾಕಲಿ, ಫಲಕ ನಿಲ್ಲಿಸಲಿ. ಆದರೆ ನೆಟ್ಟಗಿನ ಗೋಡೆಯಿಂದ ಒಳಗೆ ಬಿದ್ದ ಮಗುವಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಮೆಲ್ಲಗೆ ಇಳಿಯುವ ಮಣ್ಣಿನ ದಂಡೆಯಾದರೆ ಮೊಣಕಾಲು ನೀರಿನಲ್ಲೇ ಎದ್ದು ಈಚೆ ಬರುತ್ತದೆ.

ಮುಖ್ಯ ಮಾತು ನೀರಿನದು. 2018ರ ಮೇ 29ರಂದು ಮಂಗಳೂರು ಒಂದೇ ದಿನದ ಮಳೆಗೆ ಮುಳುಗಿದ್ದು ನಿಮಗೆ ನೆನಪಿರಬೇಕು. ಮರುವರ್ಷದ ಮೇ ತಿಂಗಳಲ್ಲಿ ಅದೇ ಊರಿನಲ್ಲಿ, ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟಿನ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ನೇತ್ರಾವತಿ ಬತ್ತಿ, ಧರ್ಮಸ್ಥಳದ ಪ್ರಯಾಣ ಮುಂದೂಡಿ ಎಂದು ಡಾ. ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೇಳಿಕೊಂಡಿದ್ದೂ ಆಗಲೇ. ಒಂದು ಮೇಯಲ್ಲಿ ಮುಳುಗಿ ಮುಂದಿನ ಮೇಯಲ್ಲಿ ಒಣಗುವ ಊರಿಗೆ ಮಳೆ ಕಡಿಮೆಯಾಗಿಲ್ಲ, ಬಿದ್ದದ್ದು ನಿಲ್ಲುವ ಜಾಗ ಕಡಿಮೆಯಾಗಿದೆ.

ಶಾಲೆಯ ಲೆಕ್ಕವನ್ನೇ ಹಾಕಿ ನೋಡಿ. ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್. ಜೂನ್, ಜುಲೈಯಲ್ಲಿ ನಮ್ಮ ಕರಾವಳಿಗೆ ಅಂಥ ದಿನ ಅಪರೂಪವಲ್ಲ. ಹತ್ತು ಎಕರೆಯ ಬಡಾವಣೆಗೆ ಅದು 40 ಲಕ್ಷ ಲೀಟರ್ ಆಯಿತು. ನಿಮ್ಮ ಐವತ್ತು ಸೆಂಟ್ಸಿನ ಕೆರೆಯಲ್ಲಿ ಒಂದು ಮೀಟರ್ ಜಾಗ ಖಾಲಿ ಇದ್ದರೆ ಅದರಲ್ಲಿ 20 ಲಕ್ಷ ಲೀಟರ್ ಅಲ್ಲೇ ತಡೆಯುತ್ತದೆ. ತಗ್ಗಿನ ಮನೆಗಳ ಅಂಗಳಕ್ಕೆ ನುಗ್ಗಬೇಕಾಗಿದ್ದ ನೀರು ಅದು. ಆದರೆ ಕಾರಂಜಿಗೆ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ಬೇಕು. ತುಂಬಿಸಿಟ್ಟ ಕೆರೆಗೆ ಮಳೆ ಬಂದ ದಿನ ಜಾಗವೆಲ್ಲಿ? ಮಳೆನೀರಿನ ಕೆರೆ ಏರಬೇಕು, ಇಳಿಯಬೇಕು. ಹೆಚ್ಚಾದ ನೀರು ಹೊರಬೀಳುವ ಕೋಡಿ ಗಟ್ಟಿಯಾಗಿರಬೇಕು, ಕೋಡಿಯಿಂದಾಚೆ ಅದು ಹರಿದುಹೋಗುವ ತೋಡು ತೆರೆದಿರಬೇಕು.

ಉಡುಪಿ ಕಡೆಯ ನಮ್ಮ ಊರಿನಲ್ಲಿ ಗದ್ದೆಗಳ ಮೇಲುಭಾಗದಲ್ಲಿ ಮಳೆನೀರು ನಿಲ್ಲುವ ಒಂದು ಮದಗ ಇತ್ತು. ಬೇಸಗೆಯಲ್ಲಿ ಮನೆಮನೆಯವರು ಸೇರಿ ಹೂಳು ತೆಗೆದು ಬುಟ್ಟಿಯಲ್ಲಿ ಹೊತ್ತು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಯಾರೂ ಟೆಂಡರ್ ಕರೆದಿರಲಿಲ್ಲ. ಮಳೆ ನಿಂತ ಮೇಲೆ ಆ ನೀರು ಕೆಂಪು ಮುರಕಲ್ಲಿನ ಸಂದಿಯಲ್ಲಿ ನಿಧಾನ ಇಂಗಿ ಕೆಳಗಿನ ಬಾವಿಗಳಿಗೆ ಇಳಿಯುತ್ತಿತ್ತು. ತಳಕ್ಕೂ ದಂಡೆಗೂ ಕಾಂಕ್ರೀಟ್ ಬಳಿದರೆ ಆ ದಾರಿ ಮುಚ್ಚಿತು. ಮಂಗಳೂರಿನ ಒಂದು ಕೆರೆಗೆ ಹೀಗೆ ಕಲ್ಲು ಕಟ್ಟಿ, ದೀಪ ಹಾಕಿ, ಏಪ್ರಿಲ್‌ನಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಸುರಿಯುವುದನ್ನು ನಾನು ನಿಂತು ನೋಡಿದ್ದೇನೆ. ಹೊಟ್ಟೆ ಉರಿಯಿತು.

ಇನ್ನು ಸೊಳ್ಳೆ. ಮಲೇರಿಯಾದಲ್ಲಿ ನರಳಿದ ಊರು ನಮ್ಮದು, ಹಗುರವಾಗಿ ಮಾತಾಡುವ ವಿಷಯವಲ್ಲ. ಆದರೆ ಪೇಟೆಯಲ್ಲಿ ಮಲೇರಿಯಾ ಹರಡುವ ಸೊಳ್ಳೆ ಹೆಚ್ಚಾಗಿ ಮೊಟ್ಟೆ ಇಡುವುದು ಕಟ್ಟಡ ಕಟ್ಟುವಲ್ಲಿ ನಿಂತ ನೀರಿನಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿಯಲ್ಲಿ. ಡೆಂಗಿಯ ಸೊಳ್ಳೆಗೆ ಒಂದು ಹಳೇ ಟಯರು, ಒಂದು ಹೂಕುಂಡದ ತಟ್ಟೆ ಸಾಕು. ಮೀನು ಓಡಾಡುವ, ಗಾಳಿಗೆ ಅಲೆಯೇಳುವ ಕೆರೆಯಲ್ಲಿ ಮರಿಗಳು ಉಳಿಯುವುದು ಕಷ್ಟ. ಅದೇ ಕೆರೆಗೆ ಚರಂಡಿ ನೀರು ಸೇರಿ ಅಂತರಗಂಗೆ ಕಳೆ ತುಂಬಿಕೊಂಡರೆ ಮೀನು ಸಾಯುತ್ತದೆ, ಸೊಳ್ಳೆ ಉಳಿಯುತ್ತದೆ. ಮಂಗಳೂರಿನ ಗುಜ್ಜರಕೆರೆಗೆ ಒಳಚರಂಡಿ ನೀರು ಸೇರುತ್ತಿದೆ ಎಂದು ಅಲ್ಲಿನ ಜನ ಎಷ್ಟು ಕಾಲ ದೂರು ಕೊಡಬೇಕಾಯಿತು! ನಿಮ್ಮವರು ಕಾರಂಜಿಗೆ ಮೊದಲು ಕೆರೆಗೆ ಚರಂಡಿ ನೀರು ತರುವ ಪೈಪುಗಳಿದ್ದರೆ ಹುಡುಕಲಿ. ಮಳೆನೀರು ಒಳಬರುವ ಬಾಯಲ್ಲಿ ಒಂದು ಹೂಳುಗುಂಡಿ ತೋಡಿ, ಜಾಲರಿ ಇಟ್ಟು, ಪ್ರತಿವರ್ಷ ಮೇ ಕೊನೆಯ ಪತ್ತನಾಜೆಗೆ, ಅಂದರೆ ಮಳೆಗಾಲಕ್ಕೆ ಮೊದಲು ತೆಗೆದು ಸ್ವಚ್ಛಮಾಡಲಿ.

ಪಾರ್ಕ್ ಬೇಡವೆನ್ನುತ್ತಿಲ್ಲ. ಮಣಿಪಾಲದ ಮಣ್ಣಪಳ್ಳ ಕೆರೆಗೆ ಬೆಳಿಗ್ಗೆ ಸಂಜೆ ನಡೆಯಲು ಬರುವವರನ್ನು ನೋಡಿ. ಅವರನ್ನು ಎಳೆದು ತರುವುದು ನೀರು, ಮರ, ಗಾಳಿ. ನಿಮ್ಮಲ್ಲೂ ದಂಡೆಯ ಮೇಲೆ ನೀರು ಇಂಗುವ ಮಣ್ಣಿನ ದಾರಿ ಇರಲಿ, ಅಜ್ಜ ಅಜ್ಜಿಯರಿಗೆ ನಾಲ್ಕು ಬೆಂಚು ಇರಲಿ. ನೀರಿನ ಅಂಚಿಗೆ ಲಾವಂಚ, ಕೇದಗೆ ಮಣ್ಣು ಹಿಡಿಯುತ್ತವೆ. ಮೇಲೆ ಹೊಂಗೆ, ನೇರಳೆ, ಸುರಹೊನ್ನೆ. ಹುಲ್ಲುಹಾಸು ಖಂಡಿತ ಬೇಡ, ಬಾವಿ ಒಣಗುವ ಹೊತ್ತಿಗೇ ಅದಕ್ಕೆ ನೀರು ಬೇಕು. ಒಂದು ಮೂಲೆಯನ್ನು ಮುಟ್ಟದೆ ಬಿಡಿ, ನೀರಹಕ್ಕಿ ಹುಂಡುಕೋಳಿ ಬಂದು ಮರಿಮಾಡಲಿ. ಮೊದಲ ಮಳೆಗೆ ಹೊಸನೀರಿನಲ್ಲಿ ಮೇಲೇರಿ ಬರುವ ಉಬರ್ ಮೀನು ಹಿಡಿಯಲು ಓಡಿದ ನಮ್ಮ ಪ್ರಾಯದವರ ಮೊಮ್ಮಕ್ಕಳು ಮಿಂಚುಳ್ಳಿಯನ್ನು ಮೊಬೈಲಿನಲ್ಲಿ ಮಾತ್ರ ನೋಡುತ್ತಿದ್ದಾರೆ.

ನನ್ನ ಸಿಟ್ಟು ಇರುವುದು ಇನ್ನೊಂದು ಕಡೆ. ಎಸ್ಟಿಮೇಟಿನಲ್ಲಿ ಕಾಮಗಾರಿಗೆ ದುಡ್ಡಿರುತ್ತದೆ, ಉದ್ಘಾಟನೆಯ ಕಲ್ಲಿಗೂ ಇರುತ್ತದೆ. ಮೂರನೇ ವರ್ಷ ಹೂಳು ತೆಗೆಯುವವರಿಗೆ ಇರುವುದಿಲ್ಲ. ಬೈಲು ಗದ್ದೆಗಳಿಗೆ ಮಣ್ಣು ತುಂಬಿ ಸೈಟು ಮಾಡಿದೆವು, ತೋಡುಗಳ ಮೇಲೆ ಚಪ್ಪಡಿ ಎಳೆದು ಪಾರ್ಕಿಂಗ್ ಮಾಡಿದೆವು, ಆಮೇಲೆ ಮಂಗಳೂರಿನ ಕೊಟ್ಟಾರಚೌಕಿಯಲ್ಲಿ ನೀರು ನಿಂತಿತೆಂದು ಮಳೆಯನ್ನು ಬೈದೆವು. ಮುಚ್ಚೋಣ ಎನ್ನುವ ನಿಮ್ಮ ನೆರೆಯವರಿಗೆ ಒಂದು ತೀರ್ಪು ನೆನಪಿಸಿ. 2001ರಲ್ಲಿ ಹಿಂಚ್‌ಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೆರೆ, ಕಾಡು, ಗುಡ್ಡ ಇವೆಲ್ಲ ಸಮುದಾಯದ ಸಂಪತ್ತು ಎಂದು ಹೇಳಿ, ಕೆರೆ ಜಾಗವನ್ನು ಮನೆ ಕಟ್ಟಲು ಕೊಟ್ಟಿದ್ದನ್ನು ಒಪ್ಪಲಿಲ್ಲ.

ನಿಮ್ಮ ಮೇಲೂ ಒಂದು ಆಕ್ಷೇಪ ಇದೆ, ಟೀಚರೇ. ಇಷ್ಟು ಚೆನ್ನಾಗಿ ಪ್ರಶ್ನೆ ಬರೆಯಬಲ್ಲ ನೀವು ಅದನ್ನು ನನಗಿಂತ ಮೊದಲು ವಾರ್ಡ್ ಸಭೆಯಲ್ಲಿ ಕೇಳಬೇಕಿತ್ತು. ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಇಂಜಿನಿಯರು ಒಬ್ಬರಾದರೂ ಇದ್ದೇ ಇರುತ್ತಾರೆ, ಜೊತೆಗೆ ಕರೆದುಕೊಂಡು ಹೋಗಿ ನಕ್ಷೆ ಕೇಳಿ. ಕೋಡಿ ಎಲ್ಲಿ, ಮಳೆಗಾಲಕ್ಕೆ ಎಷ್ಟು ಜಾಗ ಖಾಲಿ ಬಿಡುತ್ತೀರಿ, ಹೂಳಿಗೆ ವರ್ಷಕ್ಕೆ ಎಷ್ಟು ಹಣ ಇಟ್ಟಿದ್ದೀರಿ ಎಂದು ಕೇಳಿ. ಅವರು ಏನು ಹೇಳಿದರೆಂದು ನಮಗೆ ಬರೆಯಿರಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.