ಪದ ವಿಚಾರ: ಬೆನ್ನು ಬೀಳುವವರು, ಕದ್ದು ನೋಡುವವರು

ಪ್ರಶ್ನೆ: ಸ್ಪೈ, ಸ್ಟಾಕರ್, ಟೇಲ್, ಸ್ನೂಪ್ – ನಿಘಂಟು ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಎಲ್ಲದಕ್ಕೂ ‘ಫಾಲೋವರ್’ ಅಂದರೆ ಸಾಲದೇ?
– ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಸಾಲದು. ಫಾಲೋವರ್ ಎಂದರೆ ಅನುಯಾಯಿ. ಮಠಕ್ಕೋ ಪಕ್ಷಕ್ಕೋ ಇನ್‌ಸ್ಟಾಗ್ರಾಂ ಖಾತೆಗೋ ನಡೆದುಕೊಳ್ಳುವವರು. ಅದರಲ್ಲಿ ಗುಟ್ಟೇನೂ ಇಲ್ಲ. ಸ್ಟಾಕರ್‌ಗೆ ಕನ್ನಡದಲ್ಲಿ ‘ಹಿಂಬಾಲಕ’ ಎಂದು ಬರೆಯುವುದೂ ಇದೇ ತಪ್ಪು. ಹಿಂಬಾಲಕರು ಇರುವುದು ನಾಯಕರಿಗೆ. ‘ಬೆನ್ನುಬಿದ್ದು ಕಾಡುವವನು’ ಎಂದು ಬರೆದರೆ ಸಾಲು ಸ್ವಲ್ಪ ಉದ್ದವಾದೀತು, ಆದರೆ ಅಪರಾಧ ಅಪರಾಧವಾಗಿಯೇ ಕಾಣುತ್ತದೆ.

ಸ್ಟಾಕ್ ಬೇಟೆಯ ಮಾತು. ಬೇಟೆ ನಿಷಿದ್ಧವಾಗುವ ಮೊದಲು ಮಲೆನಾಡಿನಲ್ಲಿ ಹಳು ಸೋವಿ ಪ್ರಾಣಿಯನ್ನು ಎಬ್ಬಿಸುತ್ತಿದ್ದರು, ಇಲ್ಲವೇ ಮರಸು ಕೂತು ಅದು ಬರುವುದನ್ನು ಕಾಯುತ್ತಿದ್ದರು. ಸ್ಟಾಕಿಂಗ್ ಇವೆರಡೂ ಅಲ್ಲ. ಗಾಳಿಗೆ ಎದುರಾಗಿ, ತರಗೆಲೆ ಸದ್ದಾಗದ ಹಾಗೆ ಹೆಜ್ಜೆಯಿಟ್ಟು ಬೇಟೆಗಾರನೇ ಪ್ರಾಣಿಯ ಹತ್ತಿರ ಹೋಗುವುದು. ಒಬ್ಬರ ಗೀಳು ಹಿಡಿದು ಅವರನ್ನು ಬಿಡದೆ ಬೆನ್ನಟ್ಟುವುದು ಎಂಬ ಇಂದಿನ ಅರ್ಥ ಬಲವಾಗಿದ್ದು 1980ರ ದಶಕದಿಂದೀಚೆಗೆ. 1989ರಲ್ಲಿ ನಟಿ ರೆಬೆಕಾ ಶೇಫರ್ ಅಂಥವನೊಬ್ಬನ ಗುಂಡಿಗೆ ಬಲಿಯಾದರು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಇದರ ವಿರುದ್ಧ ಕಾನೂನು ಬಂತು. ಅಮೆರಿಕದಲ್ಲಿ ಅದೇ ಮೊದಲನೆಯದು.

ಉಳಿದ ಪದಗಳನ್ನು ಉದ್ದೇಶ ನೋಡಿ ಬೇರ್ಪಡಿಸಿ. ಸ್ಪೈ ಇನ್ನೊಬ್ಬರ ಪರವಾಗಿ ಗುಟ್ಟು ಸಂಗ್ರಹಿಸುತ್ತಾನೆ, ನಮ್ಮ ಬೇಹುಗಾರ. ಎದುರಾಳಿ ಸಂಸ್ಥೆಯೊಳಗೇ ನೌಕರನಾಗಿ ವರ್ಷಗಟ್ಟಲೆ ಇದ್ದು ಸುದ್ದಿ ದಾಟಿಸಿದರೆ ಅವನು ಮೋಲ್. ಟೇಲ್, ಶ್ಯಾಡೋ ಎಂದರೆ ಗುಟ್ಟಾಗಿ ಹಿಂದೆ ಹೋಗಿ ಗಮನಿಸುವುದು; ಎರಡೂ ಪೊಲೀಸರ ಮತ್ತು ಪತ್ತೇದಾರರ ಕೆಲಸದ ಮಾತುಗಳು, ಅಲ್ಲಿ ಮೋಹದ ಸೋಂಕಿಲ್ಲ. ಸ್ನೂಪ್ ಬಂದದ್ದು ಡಚ್ ಭಾಷೆಯಿಂದ. ಅಲ್ಲಿ ಅದಕ್ಕೆ ಕದ್ದು ಸಿಹಿ ತಿನ್ನುವುದೆಂದು ಅರ್ಥ; ಇಂಗ್ಲಿಷಿನಲ್ಲಿ ಬೇರೆಯವರ ಮೇಜಿನ ಖಾನೆ, ಪತ್ರ, ಮೊಬೈಲು ತಡಕುವವನಾದ.

ಪರೀಕ್ಷೆಯಲ್ಲಿ ಅಂಕ ಹೋಗುವುದು ‘ಆನ್’ ವಿಷಯದಲ್ಲಿ. ಸ್ಪೈ, ಸ್ನೂಪ್, ಈವ್ಸ್‌ಡ್ರಾಪ್ – ಈ ಮೂರಕ್ಕೂ ವ್ಯಕ್ತಿಯ ಹೆಸರಿನ ಮೊದಲು ‘ಆನ್’ ಬೇಕು. ಸ್ಟಾಕ್, ಟೇಲ್, ಶ್ಯಾಡೋಗಳಿಗೆ ಬೇಡ. ‘ಹಿ ಸ್ಟಾಕ್ಡ್ ಹರ್’ ಸರಿ, ‘ಸ್ಟಾಕ್ಡ್ ಆನ್ ಹರ್’ ತಪ್ಪು. ವಾಕ್, ಟಾಕ್‌ಗಳಲ್ಲಿರುವಂತೆ ಇಲ್ಲೂ ಎಲ್ ಅಕ್ಷರದ ಉಚ್ಚಾರವಿಲ್ಲ, ಆದ್ದರಿಂದ ‘ಸ್ಟಾಲ್ಕರ್’ ಎನ್ನಬೇಡಿ. ಅಡಿಕೆ ಮಂಡಿಯ ಸ್ಟಾಕಿನಲ್ಲಿ ಸ್ವರ ಮೊಟಕು, ಇದರಲ್ಲಿ ಉದ್ದ.

ಪ್ರಶ್ನೆ: ಈವ್ಸ್‌ಡ್ರಾಪರ್ ಪದದಲ್ಲಿ ಹನಿಗೇನು ಕೆಲಸ? ಪೀಪಿಂಗ್ ಟಾಮ್, ವಾಯರ್ ಎರಡೂ ಒಂದೇ ಏನು?
– ಪ್ರೌಢಶಾಲಾ ಶಿಕ್ಷಕರು, ಸಾಗರ

ಉತ್ತರ: ಈವ್ಸ್ ಎಂದರೆ ಸೂರು. ಮಳೆಗಾಲದಲ್ಲಿ ಹಂಚಿನ ಮನೆಯ ಸೂರಿನ ನೀರು ಬಿದ್ದು ಅಂಗಳದಲ್ಲಿ ಸಾಲು ಗುಳಿ ಏಳುತ್ತದಲ್ಲ, ಆ ಜಾಗಕ್ಕೆ ಹಳೆಯ ಇಂಗ್ಲಿಷಿನಲ್ಲಿ ಈವ್ಸ್‌ಡ್ರಾಪ್ ಎನ್ನುತ್ತಿದ್ದರು. ಆ ಗೆರೆಯೊಳಗೆ ಗೋಡೆಗೆ ಒತ್ತಿ ನಿಂತು ಒಳಗಿನ ಮಾತು ಕೇಳುವವನು ಈವ್ಸ್‌ಡ್ರಾಪರ್. ಮಲೆನಾಡಿನ ಮಕ್ಕಳಿಗೆ ಇದನ್ನು ಕಲಿಸಲು ಜಗಲಿಯಿಂದ ಆ ಗುಳಿಸಾಲನ್ನು ತೋರಿಸಿದರೆ ಸಾಕು, ಮತ್ತೆ ಮರೆಯಲಾರರು. ಇಂಗ್ಲೆಂಡಿನಲ್ಲಿ ಇದು ಶಿಕ್ಷಾರ್ಹ ಅಪರಾಧವಾಗಿತ್ತು. 1967ರ ಕಾಯ್ದೆ ಅದನ್ನು ರದ್ದು ಮಾಡಿತು.

ಈವ್ಸ್‌ಡ್ರಾಪರ್‌ನದು ಕಿವಿ, ನೀವು ಕೇಳಿದ ಇನ್ನೆರಡು ಪದಗಳದು ಕಣ್ಣು. ಕೊವೆಂಟ್ರಿ ಊರಿನ ಗೊಡೈವಾ ಎಂಬಾಕೆ ಜನರ ತೆರಿಗೆ ಇಳಿಸಲೆಂದು ಬೆತ್ತಲೆಯಾಗಿ ಕುದುರೆಯೇರಿ ಹೋದಳೆಂದೂ, ಟಾಮ್ ಎಂಬವನೊಬ್ಬ ಮಾತ್ರ ಇಣುಕಿದನೆಂದೂ ದಂತಕಥೆ. ಟಾಮ್ ಆ ಕಥೆಗೆ ಎಷ್ಟೋ ಶತಮಾನ ತಡವಾಗಿ ಸೇರಿಕೊಂಡ. ಎರಡಕ್ಕೂ ಕದ್ದು ನೋಡುವವನೆಂದೇ ಅರ್ಥ; ಪೀಪಿಂಗ್ ಟಾಮ್ ಆಡುಮಾತು. ವಾಯರ್ ಫ್ರೆಂಚಿನಿಂದ ಬಂದದ್ದು, ಅದನ್ನು ವೈದ್ಯರೂ ವಕೀಲರೂ ಬಳಸುತ್ತಾರೆ.

ಪ್ರಶ್ನೆ: ಪಾಪರಾಜಿ ಏಕವಚನವೇ?
– ಓದುಗರು, ಭದ್ರಾವತಿ

ಉತ್ತರ: ಬಹುವಚನ. ಒಬ್ಬನಾದರೆ ಪಾಪರಾಜೊ. 1960ರ ಇಟಲಿಯ ಚಿತ್ರವೊಂದರಲ್ಲಿದ್ದ ಛಾಯಾಗ್ರಾಹಕ ಪಾತ್ರದ ಹೆಸರದು.

ಪ್ರಶ್ನೆ: ತಂಗಿ ಶಿವಮೊಗ್ಗದಲ್ಲಿ ಓದುತ್ತಾಳೆ. ಬಸ್‌ಸ್ಟ್ಯಾಂಡಿನಿಂದ ಹಾಸ್ಟೆಲ್‌ವರೆಗೆ ಒಬ್ಬ ಹಿಂದೆ ಬರುತ್ತಾನೆ, ಮೆಸೇಜ್ ಕಳಿಸುತ್ತಾನೆ. ದೂರಿನಲ್ಲಿ ಯಾವ ಇಂಗ್ಲಿಷ್ ಪದ ಬಳಸಬೇಕು?
– ಓದುಗರು, ಹೊಸನಗರ

ಉತ್ತರ: ಪದ ‘ಸ್ಟಾಕಿಂಗ್’. ಆದರೆ ದೂರು ಇಂಗ್ಲಿಷಿನಲ್ಲೇ ಇರಬೇಕಾಗಿಲ್ಲ; ಕನ್ನಡದಲ್ಲೇ ಬರೆಯಿರಿ, ಆ ಒಂದು ಪದವನ್ನು ಕನ್ನಡ ಅಕ್ಷರದಲ್ಲಿ ಸೇರಿಸಿ. ‘ಈವ್ ಟೀಸಿಂಗ್’ ಎಂದು ಬರೆಯಬೇಡಿ, ನಡೆದದ್ದನ್ನು ಅದು ಚೇಷ್ಟೆಯ ಮಟ್ಟಕ್ಕೆ ಇಳಿಸಿಬಿಡುತ್ತದೆ. ಈ ಅಪರಾಧ 2013ರಲ್ಲಿ ಭಾರತೀಯ ದಂಡ ಸಂಹಿತೆಯ 354ಡಿ ಕಲಮಾಗಿ ಬಂತು. 2024ರ ಜುಲೈ 1ರಿಂದೀಚಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು ಮತ್ತು ದಂಡ, ಮತ್ತೆ ಮಾಡಿದರೆ 5 ವರ್ಷದವರೆಗೆ, ಆಗ ಅದು ಜಾಮೀನುರಹಿತ.

ದೂರು ಸಡಿಲವಾಗುವುದು ‘ದಿನಾ ಹಿಂದೆ ಬರುತ್ತಾನೆ’ ಎಂದಷ್ಟೇ ಬರೆದಾಗ. ಕಲಂ ಕೇಳುವುದು ಮೂರು ಸಂಗತಿ: ಹಿಂಬಾಲಿಸಿ ಸಂಪರ್ಕಿಸಿದ ಅಥವಾ ಯತ್ನಿಸಿದ; ಅದನ್ನು ಪದೇ ಪದೇ ಮಾಡಿದ; ಆಕೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಮಾಡಿದ. ಆದ್ದರಿಂದ ಪ್ರತಿ ಘಟನೆಗೂ ತಾರೀಖು, ಹೊತ್ತು, ಗೋಪಿ ಸರ್ಕಲ್ಲೋ ಹಾಸ್ಟೆಲ್ ಗೇಟೋ ಎಂಬ ಜಾಗ, ಅವನ ಬೈಕ್ ನಂಬರ್ ಬರೆಯಿರಿ. ತಂಗಿ ‘ಬೇಡ’ ಎಂದದ್ದು ಯಾವಾಗ, ಬಾಯಲ್ಲೋ ಮೆಸೇಜಿನಲ್ಲೋ ಎಂಬುದನ್ನು ತಪ್ಪದೆ ಸೇರಿಸಿ. ಆಕೆಯ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಅವನು ಕಣ್ಣಿಟ್ಟಿದ್ದರೆ ಅದೂ ಇದೇ ಕಲಮಿನಲ್ಲಿ ಅಪರಾಧ. ಖಾಸಗಿ ಕ್ಷಣವನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ ಅದು ವಾಯರಿಸಂ, 77ನೇ ಕಲಂ.

ಸಿಟ್ಟು ಬಂದು ಮೆಸೇಜ್ ಅಳಿಸಿಬಿಡುವುದುಂಟು, ಹಾಗೆ ಮಾಡಬೇಡಿ. ನಂಬರ್ ಮತ್ತು ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಮೂಲವನ್ನು ಫೋನಿನಲ್ಲೇ ಉಳಿಸಿ. ಈಗಲೇ ಬೆನ್ನಿಗಿದ್ದಾನೆ ಅನ್ನಿಸಿದರೆ 112ಕ್ಕೆ ಕರೆ ಮಾಡಲಿ. ಘಟನೆ ಶಿವಮೊಗ್ಗದ್ದಾದರೂ ಹೊಸನಗರ ಠಾಣೆಯಲ್ಲೇ ದೂರು ಕೊಡಬಹುದು, ಅದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಕಾನೂನಿನಲ್ಲೇ ಇದೆ, ಕೇಳಿ ಪಡೆಯಿರಿ.