ಕೇಳಿ–ಹೇಳಿ: ಬೈಗುಳ ಹೊರಗಿಟ್ಟು ಬಾ ಎಂದ ಕೆಫೆ

ಪ್ರಶ್ನೆ: ಸಾರ್, ನನ್ನ ಮಗ ಬಿ.ಇ. ಓದ್ತಾವ್ನೆ. ಕಿವಿಗೆ ವೈರು ಸಿಗಿಸ್ಕಂಡು ಮೂರೊತ್ತೂ ರ‍್ಯಾಪು. ಒಂದಿನ ಇಸ್ಕಂಡು ಕೇಳಿದ್ರೆ ಬರೀ ಬೈಗುಳ. ಹೋದ ಸಂಚಿಕೇಲಿ ನೀವು, ‘ತೊಂಬತ್ತರ ದಶಕದಲ್ಲಿ ಬೈಗುಳಕ್ಕೆ ಬಾಗಿಲಲ್ಲೇ ತಡೆ ಹಾಕಿದ್ದ ಜಾಗದಿಂದ ಬಂದ ರ‍್ಯಾಪ್ ತಂಡವೊಂದಿತ್ತು, ಕೇಳಿದವರು ಕಡಿಮೆ’ ಅಂತ ಒಂದು ಸಾಲು ಬರೆದು ಸುಮ್ಮನಾಗ್ಬುಟ್ರಿ. ಯಾವ್ದದು? ಇಂಗ್ಲಿಷು ಅಷ್ಟಕ್ಕಷ್ಟೆ ಇರೋ ನನ್ನಂಥೋನಿಗೆ ದಕ್ಕುತ್ತಾ?
— ಒಬ್ಬ ತಂದೆ, ಸುಭಾಷ್‌ನಗರ, ಮಂಡ್ಯ

ಉತ್ತರ: ಫ್ರೀಸ್ಟೈಲ್ ಫೆಲೋಶಿಪ್. ಊರು ಅಮೆರಿಕದ ಲಾಸ್ ಏಂಜಲಿಸ್. ಏಸಿಯಲೋನ್, ಮೈಕಾ 9, ಪೀಸ್, ಸೆಲ್ಫ್ ಜುಪಿಟರ್ ಅಂತ ನಾಲ್ಕು ಜನ.

ನನಗೆ ಇವರ ಪರಿಚಯ ಆದದ್ದು ಶಿವರಾಂಪೇಟೆಯ ನನ್ನ ಕ್ಯಾಸೆಟ್ ಅಂಗಡಿಯಲ್ಲಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಆಫ್ರಿಕಾದ ಹುಡುಗನೊಬ್ಬ ತನ್ನ ಟೇಪುಗಳ ಇನ್ನೊಂದು ಪ್ರತಿ ಮಾಡಿಸಿಕೊಳ್ಳಲು ಬರುತ್ತಿದ್ದ. ಅದರಲ್ಲೊಂದರ ಮೇಲೆ ಹಸಿರು ಇಂಕಿನಲ್ಲಿ ಬರೀ ಎರಡಕ್ಷರ: ಎಫ್.ಎಫ್. ಡೆಕ್ಕಿಗೆ ಹಾಕಿದೆ. ರಾಜ್‌ಕುಮಾರ್ ಹಾಡುಗಳ ಪಟ್ಟಿ ಹಿಡಿದು ಕೌಂಟರಿಗೆ ಒರಗಿ ನಿಂತಿದ್ದ ಗಿರಾಕಿಯೊಬ್ಬರು ಎರಡು ನಿಮಿಷ ತಡಕೊಂಡು, ‘ಏನ್ರೀ, ಡೆಕ್ಕಿನ ಸ್ಪೀಡು ಕೆಟ್ಟೋಗಿದೆಯಾ?’ ಅಂದರು. ಕೆಟ್ಟಿರಲಿಲ್ಲ. ಆ ಪುಣ್ಯಾತ್ಮರು ಹಾಡುತ್ತಿದ್ದದ್ದೇ ಆ ವೇಗದಲ್ಲಿ. ಅದೂ ಒಂದೇ ವೇಗವಲ್ಲ. ಓಡುತ್ತಾ ಓಡುತ್ತಾ ಥಟ್ಟನೆ ರಾಗ ಎಳೆಯುವುದು, ಎಳೆದ ರಾಗವನ್ನು ಅರ್ಧಕ್ಕೆ ಕತ್ತರಿಸಿ ಮತ್ತೆ ಮಾತಿಗೆ ಇಳಿಯುವುದು, ಒಬ್ಬನ ಬಾಯಿಂದ ಸಾಲು ಬೀಳುವ ಮುಂಚೆ ಇನ್ನೊಬ್ಬ ಎತ್ತಿಕೊಳ್ಳುವುದು. ಜಾಜ್ ಸಂಗೀತದಲ್ಲಿ ಸ್ಯಾಕ್ಸೊಫೋನು ಮಾಡುವ ಕೆಲಸವನ್ನು ಇವರು ಗಂಟಲಲ್ಲೇ ಮಾಡಿದರು.

ಇನ್ನು ಬೈಗುಳದ ವಿಷಯ. ಲಾಸ್ ಏಂಜಲಿಸ್‌ನ ಸೌತ್ ಸೆಂಟ್ರಲ್ ಭಾಗದಲ್ಲಿ ಗುಡ್ ಲೈಫ್ ಅಂತ ಒಂದು ಕೆಫೆ ಇತ್ತು. ಆರೋಗ್ಯಕ್ಕೆ ಒಳ್ಳೆಯದು ಅನ್ನುವಂಥ ತಿಂಡಿ, ದಿನಸಿ ಮಾರುವ ಜಾಗ. 1989ರ ಕೊನೆಯಿಂದ ಅಲ್ಲಿ ಗುರುವಾರ ರಾತ್ರಿ ಯಾರು ಬೇಕಾದರೂ ಮೈಕು ಹಿಡಿಯಬಹುದಿತ್ತು. ಕಟ್ಟಳೆ ಒಂದೇ: ಬಾಯಲ್ಲಿ ಕೆಟ್ಟ ಮಾತು ಬರಕೂಡದು. ಬಂದರೆ ಮೈಕು ಹೋಯಿತು. ಹಾಡು ಸಪ್ಪೆಯಾದರೂ ಅದೇ ಗತಿ. ಕೂತವರೆಲ್ಲ ಒಕ್ಕೊರಲಿನಿಂದ ‘ದಯವಿಟ್ಟು ಮೈಕು ದಾಟಿಸಿ’ ಅನ್ನುತ್ತಿದ್ದರು. ನ್ಯೂಯಾರ್ಕಿನ ರ‍್ಯಾಪರ್ ಫ್ಯಾಟ್ ಜೋನಂಥವನನ್ನೂ ಹಾಗೇ ಇಳಿಸಿ ಕಳಿಸಿದರು! ಬೈಗುಳ ಅನ್ನೋದು ಪ್ರಾಸ ಸಿಗದಾಗ ಕೈಗೆ ಬರುವ ಊರುಗೋಲು ಅಂತ ನನ್ನ ಅಭಿಪ್ರಾಯ, ನಿಮ್ಮ ಮಗ ಒಪ್ಪದೆ ಇರಬಹುದು. ಅದನ್ನು ಕಿತ್ತುಕೊಂಡ ಮೇಲೆ ಆ ಹುಡುಗರು ಮಾತಿನಲ್ಲಿ, ಲಯದಲ್ಲಿ ಹೊಸದೇನಾದರೂ ಹುಡುಕಲೇಬೇಕಾಯಿತು. ಪ್ರತಿ ಗುರುವಾರ ಅದೇ ಜನ ಕೂತಿರುತ್ತಾರೆ, ಹೋದ ವಾರದ ಪದ್ಯವನ್ನೇ ತಿರುಗಾ ಒಪ್ಪಿಸಿದರೆ ಮರ್ಯಾದೆ ಉಳಿಯುತ್ತಾ? ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಕಟ್ಟಳೆ ಕೆಫೆಗೆ ಮಾತ್ರ. ರೆಕಾರ್ಡಿನಲ್ಲಿ ಅಲ್ಲಲ್ಲಿ ಖಾರ ಸಿಗುತ್ತದೆ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.

ಇಂಗ್ಲಿಷು ಬಾರದ ಚಿಂತೆ ಬಿಡಿ. ಗಣೇಶನ ಹಬ್ಬದಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಕಚೇರಿಗೆ ಹೋಗಿ ತ್ಯಾಗರಾಜರ ಕೃತಿಗೆ ತಲೆದೂಗುವ ನಮ್ಮಲ್ಲಿ ಎಷ್ಟು ಜನಕ್ಕೆ ತೆಲುಗು ಬರುತ್ತೆ? ಮೊದಲು ದನಿ ಕೇಳಿ, ಮಾತು ಆಮೇಲೆ ತಾನೇ ಹತ್ತುತ್ತದೆ. ‘ಪಾರ್ಕ್ ಬೆಂಚ್ ಪೀಪಲ್’ ಅಂತ ಒಂದು ಹಾಡಿದೆ, ಅಲ್ಲಿಂದ ಶುರು ಮಾಡಿ. ಅದರ ಸಂಗೀತಕ್ಕೆ ಬುನಾದಿ ಫ್ರೆಡ್ಡಿ ಹಬ್ಬರ್ಡ್ ಎಂಬ ಟ್ರಂಪೆಟ್ ವಾದಕನ 1970ರ ‘ರೆಡ್ ಕ್ಲೇ’. ಮೈಕಾ 9 ಅದರ ಮೇಲೆ, ಮನೆಯಿಲ್ಲದೆ ಪಾರ್ಕಿನ ಬೆಂಚಿನ ಮೇಲೇ ಬದುಕುವವರ ಪಾಡನ್ನು ಹಾಡುತ್ತಾನೆ. ರ‍್ಯಾಪ್ ಅಂದರೆ ಗುದ್ದಿ ಗುದ್ದಿ ಮಾತಾಡೋದು ಅಂದುಕೊಂಡವರಿಗೆ ಇದು ರ‍್ಯಾಪ್ ಅಂತಲೇ ಅನ್ನಿಸುವುದಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ನಾನು ಹಾಕಿಕೊಳ್ಳುತ್ತಿದ್ದದ್ದು ಅದೊಂದೇ. ಅದು ಹಿಡಿಸಿದರೆ ‘ಇನ್ನರ್ ಸಿಟಿ ಬೌಂಡರೀಸ್’ ಕೇಳಿ.

ಪ್ರಶ್ನೆ: ಅಷ್ಟು ಚೆನ್ನಾಗಿದ್ದರೆ ಹೆಸರು ಯಾಕೆ ಬರಲಿಲ್ಲ? ರ‍್ಯಾಪರ್ ಟುಪ್ಯಾಕ್ ಹೆಸರು ನಮ್ಮ ಕೆಲಸದವಳ ಮೊಮ್ಮಗನಿಗೂ ಗೊತ್ತು.
— ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಮೊಮ್ಮಗನಿಗೆ ಗೊತ್ತಿರೋದರಲ್ಲಿ ತಪ್ಪೇನಿಲ್ಲ ತಾಯಿ, ಟುಪ್ಯಾಕ್ ಕೂಡ ದೊಡ್ಡವನೇ. ಇವರಿಗೆ ಕೂಡಿ ಬರದೇ ಇದ್ದದ್ದು ಕಾಲ. ಮೊದಲ ಆಲ್ಬಮ್ 1991ರಲ್ಲಿ, ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ತಂದದ್ದು. ಎರಡನೆಯದು 1993ರ ‘ಇನ್ನರ್‌ಸಿಟಿ ಗ್ರಿಯೋಸ್’, ಐಲೆಂಡ್ ಕಂಪನಿಯ ಒಂದು ಲೇಬಲ್ಲಿನಿಂದ ಬಂತು. ಗ್ರಿಯೋಗಳು ಅಂದರೆ ಪಶ್ಚಿಮ ಆಫ್ರಿಕಾದಲ್ಲಿ ಮನೆತನಗಳ ಚರಿತ್ರೆಯನ್ನು ಬಾಯಲ್ಲೇ ಕಾಪಾಡಿಕೊಂಡು ಬಂದ ಹಾಡುಗಾರರು, ನಮ್ಮ ಕಡೆಯ ಹೆಳವರ ಹಾಗೆ. ಆದರೆ ಆ ಆಲ್ಬಮ್ ಬರುವ ಕೆಲವೇ ತಿಂಗಳ ಹಿಂದೆ, 1992ರ ಡಿಸೆಂಬರಿನಲ್ಲಿ, ಅದೇ ಊರಿನ ರ‍್ಯಾಪರ್ ಡಾ. ಡ್ರೆಯ ‘ದಿ ಕ್ರಾನಿಕ್’ ಆಲ್ಬಮ್ ಬಂದಿತ್ತು. ಲಾಸ್ ಏಂಜಲಿಸ್ ರ‍್ಯಾಪ್ ಅಂದರೆ ಗನ್ನು, ಗ್ಯಾಂಗು, ಮೆಲ್ಲಗೆ ತೇಲುವ ಕಾರು ಅಂತ ಇಡೀ ದೇಶ ತೀರ್ಮಾನ ಮಾಡಿಬಿಟ್ಟಿತು. ಜಾಜ್ ಬೆರೆಸಿ ಹಾಡುವ ಹುಡುಗರನ್ನು ರೇಡಿಯೊದವರು ಯಾವ ಡಬ್ಬಕ್ಕೆ ಹಾಕಬೇಕು?

ಅದರ ಜೊತೆಗೆ ಸೆಲ್ಫ್ ಜುಪಿಟರ್ ಜೈಲು ಸೇರಿದ. ತಂಡ ಚದುರಿತು. 1995ರಲ್ಲಿ ಏಸಿಯಲೋನ್ ಒಬ್ಬನೇ ‘ಆಲ್ ಬಾಲ್ಸ್ ಡೋಂಟ್ ಬೌನ್ಸ್’ ತಂದ. ಅದೂ ಒಳ್ಳೆಯದೇ, ಆದರೆ ನಾಲ್ಕು ಬಾಯಿ ಒಂದರ ಮೇಲೊಂದು ಬೀಳುವ ಆ ಮಜಾ ಅದರಲ್ಲಿಲ್ಲ. ಮುಂದೆ ಮತ್ತೆ ಸೇರಿದರು, 2011ರಲ್ಲಿ ಕೂಡ ಒಂದು ಆಲ್ಬಮ್ ಬಂತು. ಅಷ್ಟೊತ್ತಿಗೆ ಮಾತನ್ನು ಅರೆದು ಅರೆದು ವೇಗವಾಗಿ ಹಾಡುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಕಲಿಸಿದವರು ಯಾರು ಅಂತ ಕೇಳುವವರು ಮಾತ್ರ ಕಡಿಮೆ.

ಪ್ರಶ್ನೆ: ಆ ಕೆಫೆಯ ಬಗ್ಗೆ ಎಲ್ಲಾದರೂ ನೋಡಲು ಸಿಗುತ್ತದೆಯೇ?
— ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಸಿಗುತ್ತದೆ. ‘ದಿಸ್ ಈಸ್ ದಿ ಲೈಫ್’ ಅಂತ 2008ರ ಸಾಕ್ಷ್ಯಚಿತ್ರ. ಮಾಡಿದವರು ಏವಾ ಡುವರ್ನೆ, ಮುಂದೆ ‘ಸೆಲ್ಮಾ’ ತೆಗೆದ ನಿರ್ದೇಶಕಿ. ಆಕೆ ಹೊರಗಿನಿಂದ ಕ್ಯಾಮೆರಾ ಹಿಡಿದು ಬಂದವರಲ್ಲ, ಫಿಗರ್ಸ್ ಆಫ್ ಸ್ಪೀಚ್ ಅನ್ನುವ ಜೋಡಿಯಲ್ಲಿ ಅದೇ ಗುಡ್ ಲೈಫ್‌ನಲ್ಲಿ ರ‍್ಯಾಪ್ ಹಾಡಿದವರು. ಕೆಫೆಯ ಕಾಲ ಮುಗಿದ ಮೇಲೆ ಗುರುವಾರದ ಕೂಟ ಅದೇ ಊರಿನ ಲೀಮರ್ಟ್ ಪಾರ್ಕ್ ಬಡಾವಣೆಯ ಕೇಯಾಸ್ ನೆಟ್‌ವರ್ಕ್ ಎಂಬ ಜಾಗಕ್ಕೆ ಹೋಯಿತು, ಪ್ರಾಜೆಕ್ಟ್ ಬ್ಲೋಡ್ ಅನ್ನುವ ಹೆಸರಲ್ಲಿ. ಚಿತ್ರ ನೋಡುವಾಗ ಮೈಕು ಹಿಡಿದವರಷ್ಟೇ ಅಲ್ಲ, ಎದುರು ಕೂತವರ ಮುಖವನ್ನೂ ಗಮನಿಸಿ. ಒಂದು ಸಾಲು ಸಡಿಲವಾದರೂ ಅವರಿಗೆ ಗೊತ್ತಾಗುತ್ತಿತ್ತು.