ಒಂದನೇ ಇಯತ್ತೆಯ ಮಗು "ನನಗ ಏನೂ ಬರಂಗಿಲ್ಲ" ಅಂದರೆ ಏನು ಮಾಡಬೇಕು?

ಆರು ವರ್ಷದ ಮಗಳು ಒಂದನೇ ಇಯತ್ತೆಗೆ ಹೋದಮೇಲೆ "ಅಣ್ಣನಂಗ ನನಗ ಏನೂ ಬರಂಗಿಲ್ಲ" ಎನ್ನತೊಡಗಿದ್ದಾಳೆ, ಅವಳ ಶಕ್ತಿ ಏನೆಂದು ಅವಳಿಗೇ ಗೊತ್ತಾಗುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಹುಬ್ಬಳ್ಳಿಯವರು ಎಂದಿದ್ದೀರಿ, ಹಾಗಾಗಿ ನಮ್ಮ ಕಡೆಯ ಉದಾಹರಣೆಗಳನ್ನೇ ಕೊಡುತ್ತೇನೆ.

ಆ ಮಾತು ಬಂದ ಕೂಡಲೇ "ಯಾರಂದ್ರು? ನೀ ಭಾಳ ಶಾಣ್ಯಾಕಿ ಅದಿ" ಎಂದು ಬಾಯಿ ಮುಚ್ಚಿಸಬೇಡಿ. "ಯಾವುದು ಬರವಲ್ದು?" ಎಂದು ಕೇಳಿ. ಬಹಳ ಸಲ ಅದು ಒತ್ತಕ್ಷರವೋ, ಉಕ್ತಲೇಖನವೋ, ಯಾವುದೋ ಒಂದೇ ಸಂಗತಿ ಆಗಿರುತ್ತದೆ. ನಾಲ್ಕೈದು ವರ್ಷದ ಮಕ್ಕಳಿಗೆ ಎಲ್ಲದರಲ್ಲೂ ತಾವೇ ಫಸ್ಟ್. ಏಳೆಂಟರ ಹೊತ್ತಿಗೆ ಪಕ್ಕದವರ ಜೊತೆ ತಮ್ಮನ್ನು ಅಳೆದು ನೋಡುವುದು ಗಟ್ಟಿಯಾಗುತ್ತದೆ. ನಿಮ್ಮ ಮಗಳು ಇವೆರಡರ ನಡುವೆ ಇದ್ದಾಳೆ. ಅಷ್ಟಕ್ಕೇ ಗಾಬರಿ ಬೇಡ.

ಹೇಳುವುದಕ್ಕಿಂತ ಮೊದಲು ನೋಡಬೇಕು. 2 ವಾರ, ದಿನಕ್ಕೆ 10 ನಿಮಿಷ, ಟಿವಿ ಮೊಬೈಲ್ ಇಲ್ಲದ ಹೊತ್ತಿನಲ್ಲಿ ಅವಳನ್ನು ಸುಮ್ಮನೆ ಗಮನಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಏನು ಮಾಡಿದಳು, ಎಷ್ಟು ಹೊತ್ತು ಮಾಡಿದಳು, ಕೆಟ್ಟಾಗ ಏನು ಮಾಡಿದಳು. ಈ ಮೂರನೆಯದೇ ಮುಖ್ಯ. ಒಂದೇ ಜಾಗದಲ್ಲಿ ನೋಡಬೇಡಿ. ಅಡುಗೆಮನೆಯಲ್ಲಿ ಶೇಂಗಾ ಸುಲಿಯುವಾಗ, ಓಣಿಯ ಹುಡುಗರ ಜೊತೆ ಆಡುವಾಗ, ಬೀಗರ ಮನೆಗೆ ಹೋದಾಗ ಮಗು ಬೇರೆ ಬೇರೆಯಾಗಿ ಕಾಣುತ್ತದೆ. ಯಾರೂ ಹೇಳದೆ ಮತ್ತೆ ಮತ್ತೆ ಮಾಡುವುದು, ಒಂದು ದಾರಿ ಕೆಟ್ಟರೆ ಇನ್ನೊಂದು ಹಿಡಿಯುವುದು, ಕಲಿತದ್ದನ್ನು ಬೇರೆಯವರಿಗೆ ತೋರಿಸುವುದು: ಇವು ಗುರುತುಗಳು. ಒಮ್ಮೆ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರು ಸಲ, ಅದೂ ಎರಡು ಕಡೆ ಕಂಡರೆ ಕೆಳಗೆ ಗೆರೆ ಎಳೆಯಿರಿ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಇದನ್ನೆಲ್ಲ ಒಂದೇ ಕಡೆ ನೋಡಬಹುದು. ನಾಲ್ಕು ಮಕ್ಕಳ ಮುಂದೆ ಎರೆಮಣ್ಣಿನ ಮುದ್ದೆ ಇಡಿ. ಎತ್ತಿನ ಕಾಲು ಸಣ್ಣದಾದರೆ ಮೈಭಾರಕ್ಕೆ ಕುಸಿಯುತ್ತದೆ, ನೀರು ಹೆಚ್ಚಾದರೆ ಒಣಗುವಾಗ ಬಿರಿಯುತ್ತದೆ. ಒಬ್ಬಳು ಕಾಲಿನೊಳಗೆ ಕಡ್ಡಿ ಚುಚ್ಚಿ ನಿಲ್ಲಿಸುತ್ತಾಳೆ. ಒಬ್ಬ ತನ್ನದನ್ನು ಬಿಟ್ಟು ತಂಗಿಯ ಎತ್ತಿಗೆ ಕೋಡು ಹಚ್ಚಿಕೊಡುತ್ತಾನೆ. ಇನ್ನೊಬ್ಬಳಿಗೆ ಕೈಕೆಲಸ ಅಷ್ಟಕ್ಕಷ್ಟೇ, ಆದರೆ ಆ ಎತ್ತಿಗೆ ಹೆಸರಿಟ್ಟು ಕಥೆ ಕಟ್ಟಿ ಎಲ್ಲರನ್ನೂ ನಗಿಸುತ್ತಾಳೆ. ನಮಗೆ ಮಾತ್ರ ಚೆಂದದ ಎತ್ತೊಂದೇ ಕಾಣುತ್ತದೆ!

ಹೇಳುವುದು ಆಗಲೇ, ಅಲ್ಲೇ, ಒಂದೇ ಮಾತಿನಲ್ಲಿ: ಅವಳು ಮಾಡಿದ್ದೇನು, ಅದರಿಂದ ಆದದ್ದೇನು. "ಒಳಗ ಕಡ್ಡಿ ಚುಚ್ಚಿದಿ, ಈಗ ಕಾಲು ಮುರಿಯವಲ್ದು ನೋಡು." ಇಷ್ಟು ಸಾಕು. ಇಂಥದ್ದು ನಾಲ್ಕೈದು ಸಲ ಆದಮೇಲೆ ಹೆಸರು ಕೊಡಿ: "ಕೆಟ್ಟರ ಬಿಡೂದಿಲ್ಲ ನೀ, ಬ್ಯಾರೆ ದಾರಿ ಹುಡುಕ್ತಿ." ಮೊದಲೇ ಹೆಸರು ಕೊಟ್ಟರೆ ಅದು ಬರೀ ಹೊಗಳಿಕೆಯಾಗಿ ಉಳಿಯುತ್ತದೆ. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ, ಐದನೇ ಇಯತ್ತೆಯ ಮಕ್ಕಳ ಅಧ್ಯಯನದಲ್ಲಿ "ನೀನು ಜಾಣ" ಎನ್ನಿಸಿಕೊಂಡ ಮಕ್ಕಳು ಕಠಿಣ ಒಗಟುಗಳಲ್ಲಿ ಸೋತಮೇಲೆ ಮುಂದುವರಿಸುವ ಆಸಕ್ತಿ ಕಳೆದುಕೊಂಡರು, ಶ್ರಮಕ್ಕೆ ಮೆಚ್ಚುಗೆ ಪಡೆದವರು ಹೆಚ್ಚು ಪಟ್ಟು ತೋರಿಸಿದರು. ನಮ್ಮ ಕಡೆ "ಶಾಣ್ಯಾ" ಅನ್ನುವುದು ಬಾಯಿಗೆ ರೂಢಿ, ಪೂರ್ತಿ ಬಿಡುವುದು ಆಗದ ಮಾತು. ಅದರ ಹಿಂದೆ ಕಾರಣವೊಂದನ್ನು ಸೇರಿಸುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು, ಬೂಟಿನ ರಟ್ಟಿನ ಡಬ್ಬಿಯೊಂದನ್ನು ಅವಳ ಹೆಸರು ಬರೆದು ಇಡಿ. ವಾರಕ್ಕೆ ಒಂದೇ ವಸ್ತು: ಚಿತ್ರ, ಸರಿಪಡಿಸಿದ ಆಟಿಕೆ, ಏನಾದರೂ. ಆರಿಸುವವಳು ಅವಳೇ. ರವಿವಾರ 10 ನಿಮಿಷ ಕೂತು "ಇದನ್ನ ಹೆಂಗ ಮಾಡಿದಿ?" ಎಂದು ಕೇಳಿ, ಅವಳ ಮಾತನ್ನು ಅವಳ ಮಾತಿನಲ್ಲೇ ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಇದು ಕೆಡುವುದು ಎರಡು ರೀತಿ. ತಾಯಿತಂದೆ ತಾವೇ ತುಂಬಿಸತೊಡಗುತ್ತಾರೆ. ಇಲ್ಲವೇ ಡಬ್ಬಿ ಸರ್ಟಿಫಿಕೇಟಿನ ಕಪಾಟಾಗುತ್ತದೆ. ಅಣ್ಣನಿಗೆ ಬೇರೆ ಡಬ್ಬಿ ಇರಲಿ, ಎರಡನ್ನೂ ಒಟ್ಟಿಗೆ ತೆರೆಯಬೇಡಿ.

ಬಹುಮಾನ, ಚಾಕ್ಲೇಟ್ ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶಸ್ತಿ ಸಿಗುತ್ತದೆಂದು ಮೊದಲೇ ಹೇಳಿಸಿಕೊಂಡು ಚಿತ್ರ ಬರೆದ ನರ್ಸರಿ ಮಕ್ಕಳು ಆಮೇಲೆ ತಾವಾಗಿ ಬರೆಯುವುದನ್ನು ಕಡಿಮೆ ಮಾಡಿದರು. ಅದರ ಬದಲು ಜವಾಬ್ದಾರಿ ಕೊಡಿ. ಎಣಿಸಿ ಜೋಡಿಸುವುದು ಇಷ್ಟವಿದ್ದರೆ ಪಂಚಮಿಯ ಉಂಡಿಗಳನ್ನು ಡಬ್ಬಿಗೆ ಹಾಕುವ ಲೆಕ್ಕ ಅವಳದು. ಮಾತು ಇಷ್ಟವಿದ್ದರೆ ಬಂದವರಿಗೆ ನೀರು ಕೊಟ್ಟು ಮಾತಾಡಿಸುವುದು ಅವಳದು.

ಧಾರವಾಡ-ಗದಗಿನ ಸೀಮೆಯಲ್ಲಿ ಇನ್ನೊಂದು ಆತುರ ಉಂಟು. ಮಗು ಎರಡು ಸಾಲು ಗುನುಗಿದರೆ ಸಾಕು, ಮರುದಿನವೇ ಹಾರ್ಮೋನಿಯಂ ಕ್ಲಾಸು. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ನೆಲ ಇದು, ಆಸೆ ಸಹಜ. ಆದರೆ ಹಾಡು, ಚಿತ್ರ, ಓಟ ಇವಷ್ಟೇ ಶಕ್ತಿಗಳಲ್ಲ. ಮನಶ್ಶಾಸ್ತ್ರಜ್ಞರಾದ ಪೀಟರ್ಸನ್ ಮತ್ತು ಸೆಲಿಗ್‌ಮನ್ 2004ರಲ್ಲಿ ಕೊಟ್ಟ ಪಟ್ಟಿಯಲ್ಲಿ 24 ಗುಣಗಳಿವೆ: ಕುತೂಹಲ, ಪಟ್ಟು, ದಯೆ, ಹಾಸ್ಯ, ನ್ಯಾಯಬುದ್ಧಿ, ಕ್ಷಮೆ ಹೀಗೆ. ಅದನ್ನು ಮಗುವಿನ ಮುಂದೆ ಇಡಬೇಡಿ. ನಿಮಗೆ ಪದ ತೋಚದಾಗ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಒಳಗೆ ಹಾಕಿಕೊಳ್ಳಿ. "ಅಣ್ಣನಂಗ ಆಗು" ಎಂಬ ಮಾತು ಹೆಚ್ಚಾಗಿ ಪ್ರೀತಿಯಿಂದಲೇ ಬರುತ್ತದೆ, ತಿದ್ದಲು ಹೋದರೆ ಜಗಳವಾಗುತ್ತದೆ. "ಅತ್ತೀ, ಇವತ್ತ ಆಕಿ ಏನ್ ಮಾಡ್ಯಾಳ ನೀವ ಕೇಳ್ರಿ" ಎಂದು ಡಬ್ಬಿಯನ್ನು ಅವರ ಕೈಗೇ ಕೊಡಿ.

ಇಷ್ಟೆಲ್ಲ ಮಾಡಿಯೂ ಓದು-ಬರಹದ ಹೊತ್ತಿಗೆ ಮಾತ್ರ ಅಳು, ಹೊಟ್ಟೆನೋವು ಬರುತ್ತಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ಎರಡನೇ ಇಯತ್ತೆ ಮುಗಿಯುತ್ತ ಬಂದರೂ ಅಕ್ಷರಗಳು ಕೂಡದಿದ್ದರೆ ಧಾರವಾಡದ ಡಿಮ್ಹಾನ್ಸ್‌ (ಮಾನಸಿಕ ಆರೋಗ್ಯ ಸಂಸ್ಥೆ) ನಂಥ ಕಡೆ ಕಲಿಕೆಯ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅದರಲ್ಲೇ ಇರುತ್ತದೆ.